ಮುಟ್ಟಿದರೆ ಹೂಂ ಅನ್ನಿ

ಜನವರಿ ೬

ಈ ಪುಸ್ತಕ ನನಗೆಂದು ಬಂದದ್ದಲ್ಲ. ಆಸ್ಪತ್ರೆಯ ಸಂಶೋಧಕಿ ಇವರಿಗೆ ಕೊಟ್ಟದ್ದು. ನೋವು ಯಾವಾಗ ಏರಿತು, ಯಾವಾಗ ಇಳಿಯಿತು ಎಂದು ದಿನವೂ ಬರೆದಿಟ್ಟರೆ ಒಳ್ಳೆಯದಂತೆ. ನಮ್ಮ ಯಜಮಾನರು ಅದನ್ನು ಮೇಜಿನ ಮೇಲೆ ಎಸೆದು, "ದಿನವಿಡೀ ಅದರ ಜೊತೆ ಸಂಸಾರ ಮಾಡೋದು ಸಾಲ್ದು ಅಂತ ಅದರ ಚರಿತ್ರೆ ಬೇರೆ ಬರೀಬೇಕಾ?" ಅಂದರು. ಹೇಳಿಕೇಳಿ ಬರೆಯುವ ಕೈಯೇ ನೋಯುವ ಕೈ. ಗಟ್ಟಿ ರಟ್ಟು, ನುಣುಪು ಹಾಳೆ. ಹಾಳಾಗಲು ಬಿಡುವ ಜಾಯಮಾನ ನನ್ನದಲ್ಲ. ಹಾಗಾಗಿ ನಾನೇ ಬರೆಯುತ್ತಿದ್ದೇನೆ, ನನ್ನ ಪಾಡಿಗೆ.

ಇವರ ಬಲಗೈಗೆ ಹೀಗಾಗಿ ಎರಡು ವರ್ಷವಾಯಿತು. ಊರಿನ ಅರ್ಧ ಬೋರ್ಡುಗಳನ್ನು ಬರೆದವರು, ಎಂಥ ಎತ್ತರದ ಗೋಡೆಯಿಂದಲೂ ಬೀಳದವರು, ಹೆಂಡತಿಯ ಕನ್ನಡಕದ ಅಂಗಡಿಗೆ ಬೋರ್ಡು ಬರೆಯುತ್ತ ಏಣಿಯಿಂದ ಬಿದ್ದರು. ಮಣಿಕಟ್ಟು ಮುರಿಯಿತು, ಕೂಡಿಕೊಂಡಿತು. ನೋವು ಮಾತ್ರ ಅಲ್ಲೇ ಬಿಡಾರ ಹೂಡಿತು. ಬೋರ್ಡಿನ ಮೇಲಿನ ದೊಡ್ಡ ಕನ್ನಡಕದ ಒಂದು ಗಾಜು ಇವತ್ತಿಗೂ ಕಡುನೀಲಿ, ಇನ್ನೊಂದು ಮಾಸಲು. "ಇಲ್ಲಿ ಒಂದೇ ಕಣ್ಣಿಗೆ ಕನ್ನಡಕ ಕೊಡ್ತೀರಾ?" ಎಂದು ಕೇಳದ ಗಿರಾಕಿಯಿಲ್ಲ.

ಕೈ ನೋಡಲು ಚೆನ್ನಾಗಿದೆ, ತೊಂದರೆ ಅದೇ. ಗಾಯವಿಲ್ಲ, ಊತವಿಲ್ಲ. ಫ್ಯಾನಿನ ಗಾಳಿ ತಾಗಿದರೆ ಉರಿ, ಅಂಗಿಯ ತೋಳು ಸವರಿದರೆ ಕೆಂಡ. ಎಕ್ಸ್‌ರೇ ನೋಡಿದವರೆಲ್ಲ "ಏನೂ ಇಲ್ಲ" ಎಂದು ಕೈ ತೊಳೆದುಕೊಂಡರು. ನನ್ನ ನಾದಿನಿ ಫೋನಿನಲ್ಲಿ, "ಕೆಲಸ ಇಲ್ದೆ ಕೂತ್ರೆ ಮನಸ್ಸು ನೋವನ್ನ ಹುಡುಕ್ಕೊಂಡು ಹೋಗತ್ತೆ ಅತ್ತಿಗೆ" ಅಂದಳು. ನಾನು ನಂಬಿದ್ದೆ. ಆದರೆ ನಂಬುವ ಹೆಂಡತಿಯನ್ನು ಯಾವ ವೈದ್ಯರೂ ಸಾಕ್ಷಿಯೆಂದು ಒಪ್ಪುವುದಿಲ್ಲ.

ಈ ಸಂಶೋಧಕಿ ಒಪ್ಪಿದ್ದಾರೆ. ನರದ ಕಾಯಿಲೆ, ಬಿಡದ ನೋವು, ಇವುಗಳ ಮೇಲೆಯೇ ವರ್ಷಗಟ್ಟಲೆ ಕೆಲಸ ಮಾಡಿದವರು. ಅಚ್ಚಾದ ತಮ್ಮ ಲೇಖನದ ಒಂದು ಪ್ರತಿಯನ್ನು ಇವರಿಗೆ ಕೊಟ್ಟರು. ಗಾಯ ಮಾಗಿದ ಮೇಲೂ ಕೆಲವರ ನರ ಸುದ್ದಿ ಕಳಿಸುತ್ತಲೇ ಇರುತ್ತದಂತೆ, ಬರೀ ಸ್ಪರ್ಶವನ್ನೂ ನೋವೆಂದೇ ಮುಟ್ಟಿಸುತ್ತದಂತೆ. ಇವರು ಅರ್ಥವಾದಷ್ಟು ಓದಿ ಒಂದು ಸಾಲಿನ ಮೇಲೆ ಎಡಗೈ ಬೆರಳಿಟ್ಟು ಗಟ್ಟಿಯಾಗಿ ಓದಿದರು: "ಈ ನೋವು ರೋಗಿಯ ಕಲ್ಪನೆಯಲ್ಲ; ಅಳೆದು ತೋರಿಸಬಹುದಾದದ್ದು." ಇನ್ನೊಮ್ಮೆ ಓದಿದರು. ಆಮೇಲೆ ಬಚ್ಚಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದರು. ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು. ಸೋಪು ಹೋಗಿರಬೇಕು ಅಂದೆ. ಹೌದು ಅಂದರು.

ಜನವರಿ ೧೯

ಇವತ್ತು ನಾನೂ ಸಂಶೋಧನೆಗೆ ಸೇರಿದೆ. ರೋಗಿಯಾಗಿ ಅಲ್ಲ, ನಿರೋಗಿಯಾಗಿ.

ಹೊಸ ಅಧ್ಯಯನದಲ್ಲಿ ಪ್ರತಿ ರೋಗಿಗೂ ಹೋಲಿಸಿ ನೋಡಲು ಆರೋಗ್ಯವಂತರೊಬ್ಬರು ಬೇಕು. ಹೆಚ್ಚುಕಡಿಮೆ ಅದೇ ವಯಸ್ಸು, ಅದೇ ಮನೆ, ಅದೇ ಊಟ. "ಜೋಡಿಯಾಗೇ ತಗೊಳ್ಳೋದು" ಅಂದರು ಸಂಶೋಧಕಿ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ರೋಗಿಗಳ ತೋಳಿಗೆ ಒಂದು ಪಟ್ಟಿ ಕಟ್ಟಿ, ನರಕ್ಕೆ ಹದವಾಗಿ ಕರೆಂಟು ಕೊಡುವ ಚಿಕಿತ್ಸೆಯಿದೆ. ಹೊರಗೆಲ್ಲೂ ಇನ್ನೂ ಸಿಗದದ್ದು. ನಾನು ಗಟ್ಟಿಯಿದ್ದರೆ ಜೋಡಿ ಉಳಿಯುತ್ತದೆ, ಜೋಡಿ ಉಳಿದರೆ ಇವರಿಗೆ ಚಿಕಿತ್ಸೆ. ನಾನೋ, ಗುಂಡುಕಲ್ಲು. ಬೆಳಿಗ್ಗೆ ಹೊಟ್ಟೆಯುರಿಗೆ ಒಂದು ಗುಳಿಗೆ ನುಂಗುವುದು ಬಿಟ್ಟರೆ ಔಷಧದ ಮುಖ ನೋಡಿದವಳಲ್ಲ. ಆ ಗುಳಿಗೆಯಾದರೂ ಇವರ ಕೈ ಮುರಿದ ವರ್ಷ ಹಿಡಿದದ್ದು.

ಮೇಲಿನ ಮಹಡಿಯ ಸಣ್ಣ ಕೋಣೆ. ಮೇಜಿನ ಮೇಲೆ ಮಡಿಸಿದ ಟವೆಲು, ಅದರ ಪಕ್ಕ ಒಂದು ಪೆಟ್ಟಿಗೆ. ಒಳಗೆ ಹಲ್ಲುಜ್ಜುವ ಬ್ರಷ್ಷಿನಂಥ ಹಿಡಿಗಳು. ಪ್ರತಿಯೊಂದರ ತುದಿಗೂ ಒಂದೊಂದೇ ನೈಲಾನ್ ಕೂದಲು. ಒಂದಕ್ಕಿಂತ ಒಂದು ದಪ್ಪ. ಮೊದಲನೆಯದು ಕಣ್ಣಿಗೇ ಸರಿಯಾಗಿ ಕಾಣುವುದಿಲ್ಲ, ಕನ್ನಡಕದವಳು ನಾನು ಹೇಳುತ್ತಿದ್ದೇನೆ. "ಕಣ್ಣು ಮುಚ್ಕೊಳ್ಳಿ ಅಮ್ಮ. ಮುಟ್ಟಿದ್ದು ಗೊತ್ತಾದ್ರೆ ಹೂಂ ಅನ್ನಿ, ಅಷ್ಟೇ" ಅಂದರು ಸಂಶೋಧಕಿ.

ಇವರ ಸರದಿ ಮೊದಲು ಮುಗಿದಿತ್ತು. ಅತಿ ಸಣ್ಣ ಕೂದಲಿಗೇ ಇವರು ಹಲ್ಲು ಕಚ್ಚಿದ್ದರು. ನನಗೆ ಕೆಲವು ಗೊತ್ತಾದವು, ಕೆಲವು ಗೊತ್ತಾದ ಹಾಗೆ ಅನ್ನಿಸಿತು. ದುಡಿದ ಕೈ, ದಪ್ಪ ಚರ್ಮ, ಇಂಥ ನವಿರು ಆಟಗಳು ತಿಳಿಯಬೇಕಾದರೂ ಹೇಗೆ? ಡಾಕ್ಟರು ಒಂದು ಲಯದಲ್ಲಿ ಮುಟ್ಟುತ್ತಾರೆ. ಲಯ ಹಿಡಿದೆ. ಹೂಂ, ಹೂಂ, ಹೂಂ.

"ಪಾಸಾದ್ನಾ?" ಅಂತ ಕೇಳಿದೆ.

"ಇಲ್ಲಿ ಪಾಸು ಫೇಲು ಇಲ್ಲ ಅಮ್ಮ."

ಹೀಗೆ ಹೇಳುವವರ ಕೈಯಲ್ಲೇ ಯಾವಾಗಲೂ ಅಂಕಪಟ್ಟಿ ಇರುತ್ತದೆ. ಈ ಸಂಶೋಧಕಿಗೆ ಕೂದಲು ಡಾಕ್ಟರು ಎಂದು ಹೆಸರಿಟ್ಟಿದ್ದೇನೆ. ಬಸ್ಸಿನಲ್ಲಿ ಇವರು, "ಎಲ್ಲಾ ಗೊತ್ತಾಯ್ತಾ?" ಅಂದರು. ಎಲ್ಲಾ ಅಂದೆ. ನನ್ನ ಮುಖ ನೋಡಿದರು, ಆಮೇಲೆ ಕೈ ನೋಡಿದರು.

ಫೆಬ್ರವರಿ ೨

ಈಗ ಬರುವ ಸ್ಕ್ರೂಗಳು ಶುದ್ಧ ಕಳಪೆ. ಬೆರಳಲ್ಲಿ ನಿಲ್ಲುವುದೇ ಇಲ್ಲ. ನಿವೃತ್ತ ಮೇಷ್ಟ್ರ ಕನ್ನಡಕದ ಕಿವಿಕಡ್ಡಿ ಕೂರಿಸುವಷ್ಟರಲ್ಲಿ ಅರ್ಧ ಡಬ್ಬಿ ನೆಲದ ಪಾಲು. ಮೇಷ್ಟ್ರು ನನ್ನ ಹಳೆಯ ಗಿರಾಕಿ. ಲೋಕವೆಲ್ಲ ಪ್ಲಾಸ್ಟಿಕ್ ಮಸೂರಕ್ಕೆ ಬಂದರೂ ಅವರಿಗೆ ಮಾತ್ರ ಗಾಜೇ ಬೇಕು.

"ಸ್ಕ್ರೂ ಮಾಡೋ ಕಂಪನಿಯವರಿಗೆ ನಿಯತ್ತಿಲ್ಲ ಮೇಷ್ಟ್ರೇ."

"ಕುಣೀಲಾರದವಳು ನೆಲ ಡೊಂಕು ಅಂದಳಂತೆ" ಅಂದರು, ತಾವೇ ಬಗ್ಗಿ ಸ್ಕ್ರೂ ಹುಡುಕುತ್ತ.

ಹಳೆಯ ಗಿರಾಕಿ ಎಂದು ಸುಮ್ಮನಿದ್ದೆ.

ಫೆಬ್ರವರಿ ೧೧

ಮನುಷ್ಯ ಮನೆಯಲ್ಲೇ ಕೂತರೆ ಹೀಗೇ ಆಗುವುದು. ಇವರಿಗೆ ಈಗ ನನ್ನ ಎಲ್ಲ ಕೆಲಸದಲ್ಲೂ ಮೂಗು ತೂರಿಸುವ ಚಾಳಿ ಹತ್ತಿದೆ. ನಾನು ಸ್ನಾನಕ್ಕೆ ಹೊರಟರೆ ಮುಂಚೆ ಹೋಗಿ ಎಡಗೈಯನ್ನು ಬಕೆಟ್ಟಿಗೆ ಅದ್ದಿ ನೋಡುತ್ತಾರೆ. "ಇನ್ನೊಂಚೂರು ತಣ್ಣೀರು ಬೇಕು" ಎಂದು ತೀರ್ಪು. ನನಗೆ ಬಿಸಿಬಿಸಿ ನೀರೇ ಬೇಕು, ಈಚೆಗೆ ಎಷ್ಟು ಕಾಸಿದರೂ ಸಾಲುವುದಿಲ್ಲ. ಒಲೆಯ ಮೇಲಿನ ಪಾತ್ರೆಯನ್ನು ನಾನು ಇಳಿಸುವಂತಿಲ್ಲ, ಇಕ್ಕಳ ತಂದು ಕೈಗಿಡುತ್ತಾರೆ. ಚಾಕು ಎಲ್ಲಿಟ್ಟರು ಅಂತ ಕೇಳಿದರೆ, "ತರಕಾರಿ ನಾನೇ ಹೆಚ್ಚಿಟ್ಟಿದೀನಿ." ಎಡಗೈಯಲ್ಲಿ! ಒಂದೊಂದು ಹೋಳೂ ಒಂದೊಂದು ದಿಕ್ಕು ನೋಡುತ್ತಿತ್ತು.

"ನನ್ನ ಅಡುಗೆಮನೆ ನನಗೆ ಬಿಡಿ" ಎಂದು ಕೂಗಾಡಿದೆ. ಇವರು ಹೊರಗೆ ಹೋಗಿ ಕೂತರು.

ಫೆಬ್ರವರಿ ೧೨

ಇವತ್ತೂ ಬಕೆಟ್ಟಿನಲ್ಲಿ ಕೈ.

ಮಾರ್ಚ್ ೩

ಮರ್ಯಾದೆ ಹೋಯಿತು. ಅಂಗಡಿಯಿಂದ ತರಕಾರಿ ಮಾರುಕಟ್ಟೆಗೆ ಹೋಗಿ, ಚೌಕಾಸಿ ಮಾಡಿ, ಚೀಲ ತುಂಬಿಸಿ ಮನೆಗೆ ಬಂದರೆ ಬಾಗಿಲಲ್ಲಿ ಇವರು, "ಇನ್ನೊಂದು ಚಪ್ಪಲಿ ಎಲ್ಲಿ?" ಅಂದರು. ನೋಡಿಕೊಂಡರೆ ಎಡಗಾಲು ಬರಿಗಾಲು. ತಲೆಯಲ್ಲಿ ನೂರು ಯೋಚನೆಯಿರುವವಳಿಗೆ ಚಪ್ಪಲಿಯ ಮೇಲೆ ಯಾಕೆ ಗಮನ ಇರುತ್ತದೆ? ನಾನು ನಕ್ಕೆ. ಇವರು ನಗಲಿಲ್ಲ. ಬಿಸಿಲಲ್ಲಿ ಹೊರಟು ರಸ್ತೆಯುದ್ದಕ್ಕೂ ಹುಡುಕಿ, ಸಿಗದೆ, ಹೊಸ ಜೊತೆ ಕೊಂಡು ಬಂದರು. ಹಿಮ್ಮಡಿಗೆ ಪಟ್ಟಿಯಿರುವಂಥದ್ದು, ಶಾಲೆ ಮಕ್ಕಳು ಹಾಕುತ್ತಾರಲ್ಲ ಹಾಗೆ. ಚೆನ್ನಾಗಿಲ್ಲ ಅಂದೆ. ಬಗ್ಗಿ ಪಟ್ಟಿ ಬಿಗಿದರು. ಬಲಗೈಯ ಬೆರಳು ಪಟ್ಟಿಗೆ ತಾಗಿ ಮುಖ ಕಿವುಚಿದ್ದು ಕಾಣಿಸಿತು.

"ನಾನೇ ಹಾಕ್ಕೋತೀನಿ ಬಿಡಿ."

"ಹಾಕಾಯ್ತಲ್ಲ" ಅಂದರು.

ಮಾರ್ಚ್ ೧೫

ಇವರಿಗೆ ಇವತ್ತು ಬಹಳ ಕೆಟ್ಟ ದಿನ. ಮೋಡ ಕವಿದು ಗಾಳಿ ಎದ್ದಿದೆ. ಬೆಳಿಗ್ಗೆಯಿಂದ ಬಲಗೈಯನ್ನು ದಿಂಬಿನ ಮೇಲಿಟ್ಟು ಕಿಟಕಿ ಮುಚ್ಚಿ ಕೂತಿದ್ದಾರೆ. ಅಂಗಡಿ ತೆರೆಯಲಿಲ್ಲ. ಮಾತಾಡಿಸಿದರೂ ನೋವು, ಮಾತಾಡಿಸದಿದ್ದರೂ ನೋವು.

ಜ್ವರ ಬಂದವರ ಹಣೆ ಒತ್ತಬಹುದು, ಕಾಲುನೋವಿನವರ ಕಾಲು ತಿಕ್ಕಬಹುದು. ಮುಟ್ಟಿದರೇ ನೋಯುವವರಿಗೆ ಏನು ಮಾಡುವುದು? ಎರಡು ವರ್ಷದಿಂದ ನಾನು ಆ ಕೈ ಹಿಡಿದಿಲ್ಲ. ರಸ್ತೆ ದಾಟುವಾಗ ಅವರ ಎಡಕ್ಕೆ ಬರುತ್ತೇನೆ, ಮಲಗುವಾಗ ಎಡಕ್ಕೆ ಮಲಗುತ್ತೇನೆ. ಮದುವೆಯಾದ ಹೊಸತರಲ್ಲಿ ಆ ಕೈಯಿಂದ ಎಣ್ಣೆಬಣ್ಣದ ವಾಸನೆ ಹೋಗುತ್ತಲೇ ಇರಲಿಲ್ಲ, ಎಷ್ಟು ಬೈದಿದ್ದೆ. ಆ ವಾಸನೆ ಈಗ ಬೇಕು ಅನ್ನಿಸುತ್ತದೆ. ಅಡುಗೆಮನೆಯಲ್ಲಿ ನಿಂತು ಅತ್ತೆ.

ಸಂಜೆ ಹೊತ್ತಿಗೆ ಸ್ವಲ್ಪ ತಗ್ಗಿತು. ಹಾಲು ಕೊಟ್ಟೆ. "ಬಿಸಿ ಇದೆ, ನೀನು ಲೋಟ ಹಾಗೆ ಹಿಡೀಬೇಡ" ಅಂದರು. ಅಷ್ಟು ನೋವಿನಲ್ಲೂ ಉಪದೇಶ ತಪ್ಪುವುದಿಲ್ಲ.

ಮಾರ್ಚ್ ೨೯

ಇವತ್ತಿನದನ್ನು ಹೇಗೆ ಬರೆಯಲಿ.

ಎರಡನೆಯ ಸಲದ ಪರೀಕ್ಷೆ. ಅದೇ ಕೋಣೆ, ಅದೇ ಟವೆಲು. ಇವರನ್ನು ಹೊರಗೆ ಕೂರಿಸಿ ನನ್ನನ್ನು ಮೊದಲು ಕರೆದರು. ಕಣ್ಣು ಮುಚ್ಚಿದೆ. ಈ ಸಲ ಸಣ್ಣವು ಒಂದೂ ಸಿಕ್ಕಲಿಲ್ಲ. ಆದರೆ ಲಯ ನೆನಪಿತ್ತು. ಒಳಗೊಳಗೇ ತಾಳ ಹಾಕಿಕೊಂಡು ಹೂಂ ಅಂದೆ. ಹೂಂ. ಹೂಂ. ಜಾಣತನಕ್ಕೆ ಒಂದೆರಡು ಕಡೆ ತಡೆದು, ಆಮೇಲೆ ಹೂಂ.

"ಅಮ್ಮ, ಕಣ್ಣು ಬಿಡಿ."

ಬಿಟ್ಟೆ. ಕೂದಲು ಡಾಕ್ಟರ ಎರಡೂ ಕೈ ಅವರ ಮಡಿಲಲ್ಲಿದ್ದವು. ಪೆಟ್ಟಿಗೆ ಮುಚ್ಚಿತ್ತು.

"ನಾನು ಆಗ್ಲಿಂದ ಮುಟ್ಟೇ ಇಲ್ಲ" ಅಂದರು.

ನಗು ತಂದುಕೊಂಡೆ. "ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂದ ಹಾಗಾಯ್ತು ಬಿಡಿ." ಅವರು ನಗಲಿಲ್ಲ. ಆಗಾಗ ಮುಟ್ಟದೆ ಸುಮ್ಮನಿರುವುದೂ ಪರೀಕ್ಷೆಯ ಭಾಗವಂತೆ, ಎಲ್ಲರಿಗೂ ಹಾಗೇ ಮಾಡುತ್ತಾರಂತೆ. ಹೋದ ಸಲವೇ ಒಂದೆರಡು ಕಡೆ ಅನುಮಾನ ಬಂದಿತ್ತಂತೆ. ಪೆಟ್ಟಿಗೆ ತೆರೆದು ದಪ್ಪನೆಯ ಕೂದಲೊಂದನ್ನು ತೆಗೆದು, "ಈಗ ನೋಡ್ತಾನೇ ಇರಿ" ಎಂದು ನನ್ನ ತೋರುಬೆರಳ ತುದಿಗೆ ಒತ್ತಿದರು. ಕೂದಲು ಬಿಲ್ಲಿನಂತೆ ಬಾಗಿತು. ನನಗೆ ಏನೂ ಆಗಲಿಲ್ಲ. ಬೆರಳು ನನ್ನದು, ಉಗುರಿನ ಪಕ್ಕದ ಹಳೆಯ ಗಾಯದ ಕಲೆ ನನ್ನದು, ಮುಟ್ಟುತ್ತಿರುವುದು ಕಾಣುತ್ತಿದೆ. ಆದರೂ ಬೇರೆ ಯಾರದೋ ಬೆರಳನ್ನು ನೋಡಿದ ಹಾಗೆ. ಆಗ ನನಗೆ ಹೆದರಿಕೆಯಾಯಿತು. ನಿಜವಾಗಿ ಹೆದರಿದೆ.

ಚಪ್ಪಲಿ ಬಿಚ್ಚಿಸಿದರು. ಅಂಗಾಲು ತಿರುಗಿಸಿ ನೋಡಿ, "ಇದು ಯಾವಾಗ ಆಯ್ತು?" ಅಂದರು.

"ಯಾವುದು?"

ಸಣ್ಣ ಕನ್ನಡಿ ಹಿಡಿದು ತೋರಿಸಿದರು. ಎಡ ಅಂಗಾಲಲ್ಲಿ ಬೊಬ್ಬೆಯೆದ್ದು ಒಡೆದು ಒಣಗುತ್ತಿದ್ದ ಸುಟ್ಟಗಾಯ. ಚಪ್ಪಲಿ ಕಳೆದುಕೊಂಡು ಬಿಸಿಲ ರಸ್ತೆಯಲ್ಲಿ ನಡೆದ ದಿನದ್ದಿರಬೇಕು.

"ಹೋಲಿಕೆಯ ಗುಂಪಲ್ಲಿ ನಿಮ್ಮನ್ನ ಇಟ್ಕೊಳ್ಳಕ್ಕಾಗಲ್ಲ ಅಮ್ಮ. ನಿಮಗೇ ಚಿಕಿತ್ಸೆ ಬೇಕು."

"ನನ್ನನ್ನ ಏನಂತ ಬೇಕಾದ್ರೂ ಬರ್ಕೊಳ್ಳಿ ಡಾಕ್ಟ್ರೇ. ಇವರನ್ನ ಮಾತ್ರ ಬಿಡಬೇಡಿ. ಜೋಡಿ ಕೆಡ್ತು ಅಂತ ಇವರನ್ನ ಬಿಟ್ರೆ ನಾನು ಹೇಗೆ ಮನೆಗೆ ಹೋಗ್ಲಿ?" ಅಂದೆ.

ಅವರಿಗೆ ಆಗ ಅರ್ಥವಾಯಿತು, ನಾನು ಯಾಕೆ ಹೂಂ ಹೂಂ ಅಂದೆ ಎಂದು. ನೀರು ಕೊಟ್ಟರು. "ಯಾರನ್ನೂ ಬಿಡಲ್ಲ. ನಿಮ್ಮ ಜಾಗಕ್ಕೆ ಬೇರೆಯವರು ಬರ್ತಾರೆ, ಅಷ್ಟೇ. ಸರ್ ಜಾಗ ಸರ್‌ಗೇ ಇರತ್ತೆ. ನಾನು ಮೊದಲ ದಿನಾನೇ ಬಿಡಿಸಿ ಹೇಳ್ಬೇಕಿತ್ತು." ಆಮೇಲೆ ಹೇಳಿದರು, "ಸರ್ ಕೂಡ ಹೀಗೇ ತಿಳ್ಕೊಂಡಿದ್ರು. ಹೋದ ವಾರ ಫೋನ್ ಮಾಡಿದ್ರು. ಚಪ್ಪಲಿ ಜಾರಿದ್ದು ಅವಳಿಗೆ ಗೊತ್ತಾಗಲ್ಲ, ಬಿಸಿ ಗೊತ್ತಾಗಲ್ಲ, ಸರಿಯಾಗಿ ನೋಡಿ ಅಂದ್ರು. ಅವಳನ್ನ ತೆಗೆದ್ರೆ ನನ್ನನ್ನೂ ತೆಗೀತೀರಿ, ಪರವಾಗಿಲ್ಲ ತೆಗೀರಿ ಅಂದ್ರು. ನಾನು ಹಾಗೇನಿಲ್ಲ ಅನ್ನೋದ್ರೊಳಗೆ ಫೋನ್ ಇಟ್ಟಿದ್ರು."

ಅಂದರೆ ಮನೆಯವರೇ ಚಾಡಿ ಹೇಳಿದ್ದಾರೆ. ನನಗೆ ಒಂದು ಮಾತು ಹೇಳದೆ, ನನ್ನ ಬೆನ್ನ ಹಿಂದೆ! ಬಸ್ಸಿನಲ್ಲಿ ಇವರ ಜೊತೆ ಮಾತಾಡಲಿಲ್ಲ. ಬೇರೆ ಸೀಟಿನಲ್ಲಿ ಕೂತೆ.

ಮಾರ್ಚ್ ೩೦

ಮಾತಿಲ್ಲ.

ಏಪ್ರಿಲ್ ೪

ರಕ್ತಪರೀಕ್ಷೆಯಲ್ಲಿ ಸಿಕ್ಕಿತು. ಬಿ-ಹನ್ನೆರಡು ಎನ್ನುವ ಜೀವಸತ್ವ ನನ್ನ ಮೈಯಲ್ಲಿ ಹೆಚ್ಚುಕಡಿಮೆ ಬರಿದಾಗಿದೆಯಂತೆ. ಅದಿಲ್ಲದೆ ನರ ಒಣಗುತ್ತದೆ. ಕಾರಣ ನನ್ನ ಹೊಟ್ಟೆಯುರಿ ಗುಳಿಗೆಯೇ ಇರಬಹುದಂತೆ. ವರ್ಷಗಟ್ಟಲೆ ನುಂಗಿದರೆ ಕೆಲವರಿಗೆ ಹೊಟ್ಟೆ ಅದನ್ನು ಹೀರಿಕೊಳ್ಳುವುದಿಲ್ಲ. ಇವರ ನೋವಿನ ಚಿಂತೆಗೆ ಹಿಡಿದ ಗುಳಿಗೆ ನನ್ನ ನೋವನ್ನೇ ನುಂಗಿಬಿಟ್ಟಿತು. ಇಂಜೆಕ್ಷನ್ ಶುರುವಾಗಿದೆ. "ಎಷ್ಟು ವಾಪಸ್ ಬರತ್ತೆ?" ಅಂತ ಕೇಳಿದರೆ, ವೈದ್ಯರು "ಕಾದು ನೋಡ್ಬೇಕು" ಅಂದರು. ಕೂದಲು ಡಾಕ್ಟರು ಮಾತ್ರ ನೇರವಾಗಿ ಹೇಳಿದರು: "ಪೂರ್ತಿ ಬರತ್ತೆ ಅಂತ ನಾನು ಹೇಳಲಾರೆ. ದಿನಾ ಯಾರಾದ್ರೂ ನಿಮ್ಮ ಕೈಕಾಲು ನೋಡ್ಬೇಕು. ಗಾಯ ಆದ್ರೆ ನಿಮಗೆ ತಿಳಿಯಲ್ಲ."

ನಾನೇನೂ ಹೇಳುವ ಮೊದಲೇ ಇವರು "ನಾನು ನೋಡ್ತೀನಿ" ಅಂದರು.

ಮನೆಗೆ ಬಂದ ಮೇಲೆ ಕೇಳಿಯೇಬಿಟ್ಟೆ. "ನನಗೆ ಮೊದಲೇ ಹೇಳ್ಬಹುದಿತ್ತಲ್ಲ?"

"ಹೇಳಿದ್ರೆ ಕೇಳ್ತಿದ್ಯಾ? ಗುಂಡುಕಲ್ಲು ನೀನು."

"ಚಿಕಿತ್ಸೆ ಕೈತಪ್ಪಿದ್ರೆ ಏನ್ಮಾಡ್ತಿದ್ರಿ?"

ಇವರು ಕಿಟಕಿಯ ಆಚೆ ನೋಡಿದರು. "ನೋವಿಗೆ ನಾನು ಒಗ್ಗಿಹೋಗಿದೀನಿ ಕಣೇ. ನೀನು ಕಾಲು ಸುಟ್ಕೊಂಡು ನಗ್ತಾ ಬಾಗಿಲಲ್ಲಿ ನಿಂತಿದ್ದೆ ನೋಡು, ಅದಕ್ಕೆ ಒಗ್ಗಕ್ಕಾಗ್ಲಿಲ್ಲ."

ಹೋಗಿ ಟೀ ಇಟ್ಟೆ. ಇಳಿಸಲು ಇವರನ್ನು ಕರೆದೆ.

ಮೇ ೮

ಇವರ ತೋಳಿಗೆ ಪಟ್ಟಿ ಕಟ್ಟಿದ್ದಾರೆ. ಪವಾಡವೇನೂ ಆಗಿಲ್ಲ. ಆದರೆ ನಿನ್ನೆ ಫ್ಯಾನು ಹಾಕಿಕೊಂಡು ಮಲಗಿದರು.

ನನ್ನ ಅಂಗಡಿ ಅರ್ಧ ದಿನಕ್ಕಿಳಿದಿದೆ. ಸ್ಕ್ರೂ ಹಿಡಿಯಲಾಗದ ಕನ್ನಡಕದವಳು ಎಷ್ಟು ದಿನ ಅಂಗಡಿ ನಡೆಸಿಯಾಳು? ದೀಪದ ಕೆಳಗೆ ಕತ್ತಲು ಅನ್ನುತ್ತಾರೆ. ಊರಿಗೆಲ್ಲ ಕಣ್ಣು ಕೊಟ್ಟವಳು ನನ್ನ ಕೈಯನ್ನೇ ನೋಡಿಕೊಳ್ಳಲಿಲ್ಲ. ಮಾರಿಬಿಡೋಣ ಅಂದೆ. ಇವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಬೆಳಿಗ್ಗೆ ನನ್ನ ಜೊತೆ ಅಂಗಡಿಗೆ ಬಂದು ಎದುರು ಸ್ಟೂಲಿನಲ್ಲಿ ಕೂತರು. ಎಡಗೈಯಲ್ಲಿ ಚಿಮಟ ಹಿಡಿದು ಸ್ಕ್ರೂವನ್ನು ತೂತಿಗೆ ಕೂರಿಸಿದರು, ನಾನು ತಿರುಪಿದೆ. ತಿರುಪುಳಿಯನ್ನು ನೋಡಿಕೊಂಡು ಹಿಡಿದರೆ ಹಿಡಿಯಬಲ್ಲೆ. ಮೇಷ್ಟ್ರು ಕೌಂಟರಿಗೆ ಮೊಣಕೈಯೂರಿ ನೋಡಿ, "ಇಬ್ಬರೂ ಸೇರಿದ್ರೆ ಒಬ್ಬ ಕೆಲಸಗಾರ ಆಗ್ತೀರಿ" ಅಂದರು.

"ಒಂದೂವರೆ ಅನ್ನಿ" ಅಂದೆ.

ಜುಲೈ ೨೧

ಬೆಳಿಗ್ಗೆ ಏಳುವಾಗ ಪಾದದಲ್ಲಿ ಇರುವೆ ಹರಿದ ಹಾಗೆ ಜುಮುಜುಮು, ಮಧ್ಯಾಹ್ನಕ್ಕೆ ಉರಿ. "ಕಾಲು ಉರೀತಿದೆ" ಎಂದು ಕೂಗಿದೆ. ಇವರು ಓಡಿ ಬಂದು, ಗಾಯ ಹುಡುಕಿ, ಇಲ್ಲವೆಂದು ಖಾತ್ರಿಯಾದ ಮೇಲೆ ಮುಖವರಳಿಸಿ ನಿಂತರು. ನರ ಎಚ್ಚರಾಗುವಾಗ ಹೀಗಾಗುತ್ತದೆ ಎಂದು ಕೂದಲು ಡಾಕ್ಟರು ಹೇಳಿದ್ದರಲ್ಲ.

"ಉರೀಲಿ, ಉರೀಲಿ" ಅಂದರು.

ಹೆಂಡತಿ ನರಳಿದರೆ ಇಷ್ಟು ಸಂತೋಷಪಡುವ ಗಂಡನನ್ನು ನಾನು ಬೇರೆಲ್ಲೂ ಕಂಡಿಲ್ಲ. ಬೆರಳುಗಳು ಮಾತ್ರ ಇನ್ನೂ ಮಲಗಿಯೇ ಇವೆ. ನೋವು ಹೇಗಿರುತ್ತದೆ ಎಂದು ಇವರನ್ನು ನಾನು ಎಷ್ಟು ಸಲ ಕೇಳಿಲ್ಲ. ಈಗ ಕಾಲಿನಿಂದ ಸ್ವಲ್ಪ ಗೊತ್ತಾಗುತ್ತಿದೆ. ಸಣ್ಣದಲ್ಲ ಅದು.

ಅಕ್ಟೋಬರ್ ೯

ಬೋರ್ಡಿನ ಇನ್ನೊಂದು ಗಾಜಿಗೆ ಬಣ್ಣ ಬಿತ್ತು. ಇವರು ಎಡಗೈಯಲ್ಲಿ ಬರೆದರು, ನಾನು ಏಣಿ ಹಿಡಿದೆ. ಹಿಡಿದೆ ಅನ್ನುವುದಕ್ಕಿಂತ ಎರಡೂ ತೋಳಿಂದ ತಬ್ಬಿಕೊಂಡು ನಿಂತೆ, ಅಂಗೈಯನ್ನು ನಂಬುವಂತಿಲ್ಲವಲ್ಲ. ಗಾಜು ಸ್ವಲ್ಪ ಮೊಟ್ಟೆಯಾಕಾರ ಆಗಿದೆ. "ಆ ಕಣ್ಣಿಗೆ ಪವರ್ ಜಾಸ್ತಿ" ಎಂದು ಮೇಷ್ಟ್ರು ಸರ್ಟಿಫಿಕೇಟ್ ಕೊಟ್ಟರು. ಇಳಿದು ಬಂದ ಇವರ ಮೈಯಿಂದ ಎಣ್ಣೆಬಣ್ಣದ ವಾಸನೆ. ಬೈಯಲಿಲ್ಲ.

ಮರುವರ್ಷ, ಫೆಬ್ರವರಿ ೧೭

ಎಷ್ಟು ತಿಂಗಳಾಯಿತು ಈ ಪುಸ್ತಕ ಮುಟ್ಟಿ. ಬರೆಯುವಂಥದ್ದೇನೂ ಇರಲಿಲ್ಲ, ಅಂದರೆ ಚೆನ್ನಾಗಿದ್ದೆವು.

ಇವತ್ತು ಕೂದಲು ಡಾಕ್ಟರು ತಾವೇ ಅಂಗಡಿಗೆ ಬಂದರು. ಹೊಸ ಅಧ್ಯಯನದ ಲೇಖನ ಅಚ್ಚಾಗಿದೆ. ಬಂದವರು ಸುಮ್ಮನೆ ಹೋಗುವುದೇಕೆಂದು ಕಣ್ಣು ಪರೀಕ್ಷೆ ಮಾಡಿದೆ. ಅಷ್ಟು ಸಣ್ಣ ಕೂದಲು ನೋಡಿ ನೋಡಿ ನಂಬರು ಬಂದಿದೆ. "ಪಾಸಾ?" ಅಂದರು. "ಇಲ್ಲಿ ಪಾಸು ಫೇಲು ಇಲ್ಲಮ್ಮ" ಅಂದೆ. ಚೆನ್ನಾಗಿ ನಕ್ಕರು.

ಲೇಖನದಲ್ಲಿ ಯಾರ ಹೆಸರೂ ಇಲ್ಲ. ಒಂದು ಚಿತ್ರದ ತುಂಬ ಚುಕ್ಕೆಗಳಿವೆ, ಒಂದೊಂದು ಚುಕ್ಕೆ ಒಬ್ಬೊಬ್ಬ ರೋಗಿ. ಇವರು ಕನ್ನಡಕವೇರಿಸಿ ತಮ್ಮ ಚುಕ್ಕೆಯನ್ನು ಬಹಳ ಹುಡುಕಿದರು. "ಹಾಗೆ ಗೊತ್ತಾಗಲ್ಲ ಸರ್" ಅಂದರು ಡಾಕ್ಟರು. ಆಮೇಲೆ ಪುಟ ತಿರುಗಿಸಿ ಒಂದು ಸಾಲು ತೋರಿಸಿದರು: "ಹೋಲಿಕೆಯ ಗುಂಪಿನ ಒಬ್ಬರಲ್ಲಿ ಪರೀಕ್ಷೆಯ ವೇಳೆ ನರದ ತೊಂದರೆ ಕಂಡುಬಂದ ಕಾರಣ ಅವರನ್ನು ಲೆಕ್ಕದಿಂದ ಕೈಬಿಡಲಾಗಿದೆ."

ಒಬ್ಬರು. ಆ ಒಬ್ಬರು ನಾನು.

"ನೋಡಿ ಅನ್ಯಾಯ," ಅಂದರು ಇವರು, "ಅಷ್ಟು ನೋವು ತಿಂದವನು ನಾನು, ನನಗೊಂದು ಚುಕ್ಕೆ. ಏನೂ ಗೊತ್ತಾಗದೇ ಇದ್ದವಳಿಗೆ ಇಡೀ ಒಂದು ಸಾಲು."

ಡಾಕ್ಟರು ಹೋದ ಮೇಲೆ ಆ ಸಾಲನ್ನು ಮತ್ತೆ ಓದಿದೆ. ಕೈಬಿಡಲಾಗಿದೆ ಅಂದರೂ ಬೇಸರವಾಗಲಿಲ್ಲ. ಕೈಬಿಡದವರು ಎದುರು ಸ್ಟೂಲಿನಲ್ಲಿ ಕೂತು ಚಿಮಟ ಒರೆಸುತ್ತಿದ್ದರು.

ಫೆಬ್ರವರಿ ೨೬

ಮೇಷ್ಟ್ರ ಕನ್ನಡಕಕ್ಕೆ ಹೊಸ ಗಾಜು ಕೂರಿಸಬೇಕಿತ್ತು. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತು. ಫ್ರೇಮಿಗೆ ಹೊಂದುವಂತೆ ಗಾಜಿನ ಅಂಚನ್ನು ಇಕ್ಕಳದಿಂದ ಚೂರುಚೂರೇ ಒಡೆಯುತ್ತಿದ್ದೆ. ಇದನ್ನು ಮಾತ್ರ ಇನ್ನೂ ಇವರಿಗೆ ಬಿಟ್ಟುಕೊಟ್ಟಿಲ್ಲ. ಇವರು ತಟ್ಟನೆ, "ನಿಲ್ಸು" ಅಂದರು. ಕೆಳಗೆ ಹಾಸಿದ ಬಿಳಿ ಬಟ್ಟೆಯ ಮೇಲೆ ಕೆಂಪು ಚುಕ್ಕೆಗಳು. ನನ್ನ ಅಂಗೈಯಿಂದ ರಕ್ತ ತೊಟ್ಟಿಕ್ಕುತ್ತಿತ್ತು, ನನಗೆ ಸುದ್ದಿಯೇ ಇಲ್ಲ.

ತೊಳೆದು ನೋಡಿದೆವು. ಗಾಜಿನ ಚೂರು ಒಳಗೇ ಉಳಿದಿದೆ, ಆದರೆ ಎಲ್ಲಿ? ಗಾಜಿಗೆ ಬಣ್ಣವಿಲ್ಲ. ದೀಪ ಹತ್ತಿರ ತಂದೆವು, ಭೂತಗನ್ನಡಿ ಹಿಡಿದೆವು, ಕಾಣಲಿಲ್ಲ. ನನ್ನ ಇನ್ನೊಂದು ಕೈಯಿಂದ ತಡವಿದರೆ ಅದಕ್ಕೂ ಏನೂ ತಿಳಿಯದು. ಇವರು ಎಡಗೈಯಿಂದ ನನ್ನ ಅಂಗೈಯನ್ನು ಬಿಡಿಸಿ ಬಿಗಿಯಾಗಿ ಹಿಡಿದರು. ಆಮೇಲೆ ಬಲಗೈ ಎತ್ತಿದರು.

"ಬೇಡ, ಆಸ್ಪತ್ರೆಗೆ ಹೋಗೋಣ" ಅಂದೆ.

"ಅಲ್ಲಿ ಹೋಗೋದ್ರೊಳಗೆ ಒಳಕ್ಕಿಳಿಯತ್ತೆ."

ಪಟ್ಟಿ ಕಟ್ಟಿದ ಮೇಲೆ ಇವರ ನೋವು ತಗ್ಗಿದೆ ನಿಜ. ಆದರೆ ಆ ಕೈಗೆ ಅಂಗಿಯ ತೋಳು ತಾಗಿದರೆ ಇವತ್ತಿಗೂ ಉಸಿರು ಕಟ್ಟುತ್ತದೆ. ಆ ಕೈಯ ತೋರುಬೆರಳನ್ನು ನನ್ನ ಅಂಗೈಯ ಮೇಲಿಟ್ಟರು. ಮೂರು ವರ್ಷದ ಮೇಲೆ. ಮಣಿಕಟ್ಟಿನಿಂದ ಶುರುಮಾಡಿ, ಬಣ್ಣ ಬಳಿಯುವಾಗ ಎಳೆಯುತ್ತಿದ್ದರಲ್ಲ, ಹಾಗೆ ನಿಧಾನವಾಗಿ ಅಡ್ಡಡ್ಡ ಎಳೆಯುತ್ತ ಬಂದರು. ಹಣೆಯಲ್ಲಿ ಬೆವರು. ದವಡೆ ಬಿಗಿದಿತ್ತು. ಕೈ ಹಿಂದಕ್ಕೆಳೆಯಲಿಲ್ಲ. ಹೆಬ್ಬೆರಳ ಬುಡಕ್ಕೆ ಬಂದಾಗ ಮೈಯೆಲ್ಲ ಒಮ್ಮೆ ನಡುಗಿತು.

"ಸಿಕ್ತು" ಅಂದರು.

ಚಿಮಟದಿಂದ ಚೂರನ್ನು ತೆಗೆದು ಬಿಳಿ ಬಟ್ಟೆಯ ಮೇಲಿಟ್ಟರು. ನೆತ್ತರು ಮೆತ್ತಿಕೊಂಡಿದ್ದಕ್ಕೆ ಈಗ ಕಾಣುತ್ತಿತ್ತು.

"ನೋವಾಯ್ತಾ?" ಅಂತ ಕೇಳಿದರು.

ಹೂಂ ಅನ್ನಬೇಕು ಅನ್ನಿಸಿತು. ಅವರಿಗೆ ಸಮಾಧಾನವಾಗಲಿ ಎಂದು, ಆ ಬೆರಳು ನನ್ನನ್ನು ಮುಟ್ಟಿದ್ದು ನನಗೆ ಗೊತ್ತಾಯಿತು ಎಂದು ಅವರು ತಿಳಿಯಲಿ ಎಂದು.

"ಇಲ್ಲ" ಅಂದೆ. "ನಿಮಗೆ?"

"ಆಯ್ತು" ಅಂದರು. ಬೆರಳನ್ನು ಅಲ್ಲಿಂದ ತೆಗೆಯಲಿಲ್ಲ.